ಗುಂಡ್ಲುಪೇಟೆಯಿಂದ ಪೋಖರಾಕ್ಕೆ

ಕೈಯಲ್ಲಿ ಕಾಸು ಕಮ್ಮಿ, ಆದರೂ ಒಮ್ಮೆ ವಿದೇಶ ನೋಡಬೇಕು ಎಂದು ಬರೆದಿದ್ದೀರಿ. ನೇಪಾಳಕ್ಕೆ ಹೋಗಿಬನ್ನಿ. ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಐಡಿ ನಡೆಯುತ್ತದೆ. ಆಧಾರ್ ಒಂದನ್ನೇ ನಂಬಿ ಹೊರಡಬೇಡಿ.

ಯಶವಂತಪುರದಿಂದ ಗೋರಖ್‌ಪುರಕ್ಕೆ ನೇರ ರೈಲಿದೆ. ಅಲ್ಲಿಂದ ಬಸ್ಸು ಹಿಡಿದು ಸೋನೌಲಿಗೆ ಹೋಗಿ, ಗಡಿಯ ಕಮಾನನ್ನು ನಡೆದೇ ದಾಟಿ. ಗಡಿಯಾರ ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಿಕೊಳ್ಳಿ, ಅಷ್ಟೇ ವಿದೇಶ! ನೂರರ ನೋಟು ಹೆಚ್ಚಿಟ್ಟುಕೊಳ್ಳಿ. ನಮ್ಮ ನೂರಕ್ಕೆ ಅಲ್ಲಿ 160 ರೂಪಾಯಿ.

ಪೋಖರಾದ ಬಸ್ಸನ್ನು ಮಾತ್ರ ಬೆಳಗ್ಗೆಯೇ ಹತ್ತಿ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಮುಚ್ಚುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೋಖರಾದ ದಾರಿಯ ಭಯ ಆನೆಯದಲ್ಲ, ಘಾಟಿಯ ತಿರುವುಗಳದು. ಮಳೆಗಾಲದಲ್ಲಂತೂ ಗುಡ್ಡ ಕುಸಿದು ದಾರಿಯೇ ಕಟ್ಟುತ್ತದೆ. ಅಕ್ಟೋಬರ್, ನವೆಂಬರ್ ಒಳ್ಳೆಯದು.

ಪೋಖರಾದಲ್ಲಿ ಉಳಿಯಲು ಹಾಸ್ಟೆಲ್ ಹಿಡಿಯಿರಿ. ಹಾಸ್ಟೆಲ್ ಎಂದರೆ ನಮ್ಮ ಬಿಸಿಎಂ ಹಾಸ್ಟೆಲ್ ಅಲ್ಲ, ದಿನದ ಲೆಕ್ಕದಲ್ಲಿ ಒಂದು ಮಂಚ ಬಾಡಿಗೆಗೆ. ಸರೋವರದ ದಂಡೆಯ ಲೇಕ್‌ಸೈಡ್‌ನಲ್ಲಿ ಬೇಕಾದಷ್ಟಿವೆ. ಕೆಳಗಿನ ಮಂಚ ಕೇಳಿ. ಸಣ್ಣ ಬೀಗವೊಂದು ಚೀಲದಲ್ಲಿರಲಿ. ಬೀಗ ಮರೆತ ನಾನು ಎರಡು ರಾತ್ರಿ ಪರ್ಸನ್ನು ಕಾಲುಚೀಲದೊಳಗೆ ತುರುಕಿಕೊಂಡು ಮಲಗಿದ್ದೆ. ಊಟಕ್ಕೆ ದಾಲ್ ಭಾತ್ ಹೇಳಿ. ಅನ್ನ, ಬೇಳೆ ಮತ್ತೆ ಮತ್ತೆ ಬಡಿಸುತ್ತಾರೆ.