ಬೀಸುಕಲ್ಲಿನಿಂದ ಧ್ವನಿಸಂದೇಶಕ್ಕೆ: ತುರ್ಭೆಯ ಕನ್ನಡಿಗರ ಸಂವಹನದಲ್ಲಿ ಹೆಣ್ಣು-ಗಂಡು

ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ, ‘ಜೀವನ ಸಂಗೀತ’ 1933ರಲ್ಲಿ ಪ್ರಕಟವಾದವು. ಮೊದಲನೆಯದು ಹೆಣ್ಣುಮಕ್ಕಳ ತ್ರಿಪದಿಗಳ ಸಂಕಲನ, ಎರಡನೆಯದು ಲಾವಣಿಗಳದು. ಒಂದೇ ಸೀಮೆಯ ಈ ಎರಡು ಪ್ರಕಾರಗಳಲ್ಲಿ ವಸ್ತುವಿಗಿಂತಲೂ ಮುಖ್ಯವಾಗಿ ಭಿನ್ನರಾಗಿರುವವರು ಕೇಳುಗರು. ಬೀಸುವ ಪದವನ್ನು ಕೇಳುವವಳು ಜೊತೆಗೆ ಕುಳಿತ ಗೆಳತಿ. ಲಾವಣಿಯನ್ನು ಕೇಳುವುದು ನೆರೆದ ಊರು. ಈ ಭೇದವು ಸಾಮಾಜಿಕ ಮಾಧ್ಯಮಗಳ ಬಳಕೆಯಲ್ಲಿಯೂ ಮುಂದುವರಿದಿದೆಯೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

1980ರ ದಶಕದಿಂದ ಮುಂಬಯಿಯ ಸಗಟು ಮಾರುಕಟ್ಟೆಗಳು ಹಂತಹಂತವಾಗಿ ವಾಶಿ-ತುರ್ಭೆ ಪರಿಸರಕ್ಕೆ ಸ್ಥಳಾಂತರಗೊಂಡವು. ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದವರಲ್ಲಿ ವಿಜಯಪುರ, ಕಲಬುರಗಿ ಕಡೆಯ ಕುಟುಂಬಗಳೂ ಇವೆ. ಇವರ ಮಾತುಕತೆಯನ್ನು ಗಮನಿಸಿದಾಗ ನನಗೆ ಕಂಡದ್ದಿಷ್ಟು: ಗಂಡಸರು ಫೇಸ್‌ಬುಕ್ಕಿನಲ್ಲಿ ಊರ ಜಾತ್ರೆ, ರಾಜಕಾರಣ, ಸಂಘದ ಸಮಾರಂಭಗಳನ್ನು ಕುರಿತು ಬಹಿರಂಗವಾಗಿ ಬರೆಯುತ್ತಾರೆ. ಹೆಂಗಸರು ತವರಿನವರಿಗೆ, ಅಕ್ಕತಂಗಿಯರಿಗೆ ವಾಟ್ಸ್‌ಆ್ಯಪಿನಲ್ಲಿ ಧ್ವನಿಸಂದೇಶ ಕಳಿಸುತ್ತಾರೆ. ಬಾಣಂತನ, ಮಗಳ ಸಂಬಂಧ, ಮಳೆ-ಬೆಳೆಗಳೇ ಅಲ್ಲಿನ ವಿಷಯ. ಕನ್ನಡ ಲಿಪಿ ಬಾರದ, ಮರಾಠಿ ಶಾಲೆಯಲ್ಲಿ ಓದಿದ ಸೊಸೆಯೂ ಅದರಲ್ಲಿ ಪಾಲ್ಗೊಳ್ಳಬಲ್ಲಳು.

ಅಮೆರಿಕದ ಭಾಷಾವಿಜ್ಞಾನಿ ಡೆಬೊರಾ ಟ್ಯಾನನ್ 1990ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೆಂಗಸರ ಮಾತು ಬಾಂಧವ್ಯ ಬೆಸೆಯುವತ್ತಲೂ ಗಂಡಸರ ಮಾತು ವಿಷಯ ತಿಳಿಸಿ ಸ್ಥಾನ ಸ್ಥಾಪಿಸಿಕೊಳ್ಳುವತ್ತಲೂ ಒಲಿಯುತ್ತದೆಂದು ವಾದಿಸಿದರು. ಮೇಲ್ನೋಟಕ್ಕೆ ತುರ್ಭೆಯ ನಿದರ್ಶನ ಇದಕ್ಕೆ ಪುಷ್ಟಿ ನೀಡುವಂತಿದೆ. ಆದರೆ ಇದನ್ನು ಸ್ವಭಾವವೆಂದು ಮುಗಿಸಿಬಿಡುವುದು ಅವಸರದ ತೀರ್ಮಾನವಾದೀತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಎಂದಾದರೂ ಅಂತರ್ಜಾಲ ಬಳಸಿದ ಗಂಡಸರು ಶೇ. 57.1, ಹೆಂಗಸರು ಶೇ. 33.3 ಮಾತ್ರ. ತಾವೇ ಬಳಸುವ ಮೊಬೈಲ್ ಹೊಂದಿದ್ದ ಹೆಂಗಸರು ಸುಮಾರು ಶೇ. 54. ಗಂಡನದೋ ಮಗನದೋ ಫೋನಿನಲ್ಲಿ ಮಾತನಾಡುವವಳು ಬಹಿರಂಗವಾಗಿ ಏನು ಬರೆದಾಳು? ತನ್ನ ಮುಖದ ಬದಲು ಹೂವಿನ ಚಿತ್ರ ಹಾಕುವವಳದು ನಾಚಿಕೆಯೆನ್ನುವುದಕ್ಕಿಂತ ಎಚ್ಚರಿಕೆಯೆನ್ನುವುದೇ ಸರಿ. ಬೀಸುವ ಪದವೂ ಸ್ವಭಾವದಿಂದಲ್ಲ, ದೊರೆತ ಅವಕಾಶದಿಂದ ಹುಟ್ಟಿದ್ದು. ಬೆಳಗಿನ ಜಾವದ ಆ ಹೊತ್ತು, ಮನೆಯ ಆ ಮೂಲೆ ಮಾತ್ರ ಅವಳದಾಗಿದ್ದವು.

ಕನ್ನಡ ಅಧ್ಯಯನಕ್ಕೆ ಇಲ್ಲೊಂದು ಹೊಣೆಯಿದೆ. ಗಂಡಸರ ಬರಹ ಬಹಿರಂಗದಲ್ಲಿರುವುದರಿಂದ ನಾಳಿನ ಸಂಶೋಧಕನ ಕೈಗೆ ಸುಲಭವಾಗಿ ಸಿಗುತ್ತದೆ; ಅದನ್ನೇ ‘ಹೊರನಾಡ ಕನ್ನಡ’ವೆಂದು ಅವನು ಭಾವಿಸಿಯಾನು. ಉತ್ತರ ಕರ್ನಾಟಕದ ನುಡಿಗಟ್ಟು, ಮರಾಠಿಯ ಬೆರಕೆ, ಒಡಲಿನ ದನಿ ಕೂಡಿದ ಹೆಂಗಸರ ಕನ್ನಡವಾದರೋ ಫೋನಿನ ಜಾಗ ತುಂಬಿದೊಡನೆ ಅಳಿಸಿಹೋಗುತ್ತದೆ. ಇದನ್ನು ಸಂಗ್ರಹಿಸಬೇಕು, ಆದರೆ ಆಡಿದವಳು ಒಪ್ಪಿದರೆ ಮಾತ್ರ. ಗರತಿಯರ ಹಾಡು ನಮಗೆ ದಕ್ಕಿತು, ಅದನ್ನು ಕಟ್ಟಿದವರ ಹೆಸರುಗಳು ದಕ್ಕಲಿಲ್ಲ. ಈ ಸಲ ದನಿಯೊಡನೆ, ಅವಳು ಬಯಸಿದಲ್ಲಿ, ಹೆಸರನ್ನೂ ಉಳಿಸಿಕೊಳ್ಳುವ ಅವಕಾಶ ನಮ್ಮ ವಿದ್ಯಾರ್ಥಿಗಳಿಗಿದೆ.