ಫಾಲ್ಗುಣದ ಬೆಟ್ಟದಲ್ಲಿ ಕಾಲು ಯಾಕೆ ಜಾರತ್ತೆ?

ಮಕ್ಕಳೇ, ಮಳೆಗಾಲದಲ್ಲಿ ಬೆಟ್ಟದ ದಾರಿ ಜಾರತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಪಾಚಿ, ಕೆಸರು ಕಣ್ಣಿಗೇ ಕಾಣತ್ತೆ, ನಾವೂ ಹುಷಾರಾಗಿರ್ತೀವಿ. ಆದರೆ ಮಾರ್ಚ್-ಏಪ್ರಿಲ್ ತಿಂಗಳಲ್ಲಿ, ಒಂದು ಹನಿ ನೀರಿಲ್ಲದ ಒಣ ದಾರಿಯಲ್ಲಿ ಯಾರಾದರೂ ಜಾರಿ ಬೀಳ್ತಾರಾ? ನಾನು ಬಿದ್ದಿದ್ದೀನಿ. ಸೇಲಂ ಪಕ್ಕದ ಶೇವರಾಯ್ ಬೆಟ್ಟದ ಕಾಲುದಾರಿಯಲ್ಲಿ, ಇಳಿಯುವಾಗ. ಮೊಣಕೈ ಮೇಲಿನ ಗುರುತು ಇನ್ನೂ ಹೋಗಿಲ್ಲ. ಈ ರಜೆಯಲ್ಲಿ ನೀವೂ ಏರ್ಕಾಡು ಕಡೆಗೋ ತೀರ್ಥಮಲೆಗೋ ಹೋಗುವವರಿದ್ದರೆ, ಹೊರಡೋ ಮೊದಲು ಇದನ್ನು ಓದಿ.

ದಾರಿಯಲ್ಲಿ ಬಗ್ಗಿ ಒಂದು ಹಿಡಿ ಪುಡಿಗಲ್ಲು ತೆಗೆದುಕೊಂಡು ನೋಡಿ. ಶೇವರಾಯ್ ಬೆಟ್ಟ ಹೆಚ್ಚಾಗಿ ಚಾರ್ನೊಕೈಟ್ ಎಂಬ ಕಪ್ಪು ಛಾಯೆಯ ಗಟ್ಟಿ ಶಿಲೆಯಿಂದ ಆದದ್ದು. (ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕ್ ಎಂಬಾತನ ಗೋರಿಯ ಕಲ್ಲು ಇದೇ ಜಾತಿಯದ್ದು, ಹೆಸರು ಬಂದದ್ದು ಅಲ್ಲಿಂದ.) ಈ ಶಿಲೆಯಲ್ಲಿ ಫೆಲ್ಡ್‌ಸ್ಪಾರ್ ಇದೆ, ಬೆಣಚು ಇದೆ. ಗಾಳಿ, ನೀರಿಗೆ ಸಿಕ್ಕಿ ಫೆಲ್ಡ್‌ಸ್ಪಾರ್ ನಿಧಾನಕ್ಕೆ ಜೇಡಿಯಾಗತ್ತೆ. ಬೆಣಚು ಮಾತ್ರ ಜಗ್ಗಲ್ಲ, ಕಾಳಿನ ಹಾಗೆ ಉಳಿಯತ್ತೆ. ತೇವ ಇರುವಷ್ಟು ದಿನ ಜೇಡಿ ಈ ಕಾಳುಗಳನ್ನು ಅಂಟಿನಂತೆ ಹಿಡಿದಿಟ್ಟಿರತ್ತೆ. ಬಿಸಿಲಿಗೆ ಜೇಡಿ ಒಣಗಿ ದೂಳಾಗಿ ಹಾರಿತೋ, ಗಟ್ಟಿ ಬಂಡೆಯ ಮೇಲೆ ಬರೀ ಸಡಿಲ ಕಾಳು ಉಳೀತು. ನೀವು ಕಾಲಿಡೋದು ಅದರ ಮೇಲೆ.

ಈಗ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಉದ್ದದ ಹಲಗೆ, ಒಂದು ಚಪ್ಪಲಿ, ಒಂದು ಹಿಡಿ ರಾಗಿ ಸಾಕು. ಹಲಗೆ ಮೇಲೆ ಚಪ್ಪಲಿ ಇಟ್ಟು ಒಂದು ತುದಿಯನ್ನು ಮೆಲ್ಲಗೆ ಎತ್ತಿ. ಚಪ್ಪಲಿ ಜಾರಿದ ಕ್ಷಣ ನಿಲ್ಲಿಸಿ, ಎತ್ತಿದ ತುದಿ ನೆಲದಿಂದ ಎಷ್ಟು ಎತ್ತರ ಇದೆ, ಎರಡು ತುದಿಗಳ ನಡುವೆ ನೆಲದ ಮೇಲೆ ಎಷ್ಟು ದೂರ ಇದೆ, ಅಳೆಯಿರಿ. ಎತ್ತರವನ್ನು ದೂರದಿಂದ ಭಾಗಿಸಿದರೆ ಸಿಗೋದೇ ಸ್ಥಾಯಿ ಘರ್ಷಣೆಯ ಗುಣಾಂಕ. ಆಮೇಲೆ ಹಲಗೆಗೆ ರಾಗಿ ಚೆಲ್ಲಿ ಮತ್ತೆ ಮಾಡಿ. ಮೊದಲ ಸಲ 60 ಸೆಂ.ಮೀ. ಎತ್ತರ, 100 ಸೆಂ.ಮೀ. ದೂರ ಬಂತು ಅಂದುಕೊಳ್ಳಿ: 0.6. ರಾಗಿ ಚೆಲ್ಲಿದಾಗ 20 ಸೆಂ.ಮೀ. ಎತ್ತರ, 100 ಸೆಂ.ಮೀ. ದೂರಕ್ಕೇ ಜಾರಿದರೆ 0.2. ಹಾಗಾದರೆ 3 ಮೀಟರಿಗೆ 1 ಮೀಟರ್ ಏರುವ ದಾರಿಯಲ್ಲಿ, ಅಂದರೆ 0.33ರ ಇಳಿಜಾರಿನಲ್ಲಿ, ಬರಿ ಬಂಡೆ ಮೇಲೆ ಅದೇ ಚಪ್ಪಲಿ ನಿಲ್ಲತ್ತೆ, ಕಾಳಿನ ಮೇಲೆ ನಿಲ್ಲಲ್ಲ. ಜಾರುವ ಘರ್ಷಣೆಗಿಂತ ಉರುಳುವ ಘರ್ಷಣೆ ಬಹಳ ಕಡಿಮೆ ಅಂತ ಪಾಠದಲ್ಲಿ ಓದಿದ್ದೀರಲ್ಲ, ಇಲ್ಲಿ ನಡೆದದ್ದು ಅದೇ. ಚಪ್ಪಲಿ ಮೇಲೊಂದು ಕಲ್ಲು ಹೇರಿ ಇನ್ನೊಮ್ಮೆ ಅಳೆಯಿರಿ. ಅಂಕಿ ಹೆಚ್ಚುಕಡಿಮೆ ಅಷ್ಟೇ ಬರತ್ತೆ. ಹಾಗಾಗಿ ‘ದಪ್ಪ ಇರೋರೇ ಜಾರೋದು’ ಅಂತ ಗೆಳೆಯರನ್ನು ರೇಗಿಸಬೇಡಿ.

ಹತ್ತುವಾಗ ಬೀಳುವವರು ಕಡಿಮೆ, ಇಳಿಯುವಾಗಲೇ ಹೆಚ್ಚು. ಇಳಿಯುವಾಗ ಪ್ರತಿ ಹೆಜ್ಜೆಯೂ ದೇಹದ ವೇಗಕ್ಕೆ ಬ್ರೇಕ್ ಹಾಕಬೇಕು, ಅಷ್ಟು ಹೆಚ್ಚಿನ ಘರ್ಷಣೆ ಬೇಕು. ಭಯಕ್ಕೆ ಹಿಂದಕ್ಕೆ ವಾಲಿ ಕಾಲನ್ನು ಮುಂದೆ ಚಾಚಿದರೆ ಪಾದ ನೆಲವನ್ನು ಒತ್ತೋದು ಬಿಟ್ಟು ಮುಂದಕ್ಕೆ ತಳ್ಳತ್ತೆ. ನಾನು ಬಿದ್ದದ್ದು ಹೀಗೇ. ಮೊಣಕಾಲು ಸ್ವಲ್ಪ ಮಡಚಿ, ಸಣ್ಣ ಸಣ್ಣ ಹೆಜ್ಜೆ ಇಟ್ಟು, ಭಾರ ಪಾದದ ನೇರ ಮೇಲೇ ಇರೋ ಹಾಗೆ ಇಳಿಯಿರಿ.

ಇನ್ನು ತರಗೆಲೆ. ಬೇಸಿಗೆಯಲ್ಲಿ ನೀರು ಉಳಿಸಿಕೊಳ್ಳಲು ನಮ್ಮ ಕಾಡಿನ ಮರಗಳು ಎಲೆ ಉದುರಿಸತ್ವೆ. ಒಣ ಎಲೆ ಒಂದರ ಮೇಲೊಂದು ಜಾರೋದು ಒಂದು ತೊಂದರೆ. ಕೆಳಗೆ ಗುಂಡಿ ಇದೆಯೋ ಹಾವು ಇದೆಯೋ ಕಾಣದಿರೋದು ಇನ್ನೊಂದು. ಎಲ್ಲಕ್ಕಿಂತ ದೊಡ್ಡದು ಬೆಂಕಿ. 2018ರ ಮಾರ್ಚ್ 11ರಂದು ಇದೇ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ಬೆಂಕಿ ಇಳಿಜಾರಿನಲ್ಲಿ ಮೇಲ್ಮುಖವಾಗಿ ವೇಗವಾಗಿ ಓಡತ್ತೆ. ಬಿಸಿಗಾಳಿ ಮೇಲಕ್ಕೇರಿ, ಜ್ವಾಲೆ ಮುಟ್ಟುವ ಮೊದಲೇ ಮೇಲಿನ ಹುಲ್ಲನ್ನು ಒಣಗಿಸಿ ಕಾಯಿಸಿಬಿಡತ್ತೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ಬೆಂಕಿಯ ವೇಗ ಸುಮಾರು ಎರಡರಷ್ಟು ಅನ್ನೋದು ಸ್ಥೂಲ ಲೆಕ್ಕ. ಆದ್ದರಿಂದ ಕೆಳಗಡೆ ಹೊಗೆ ಕಂಡರೆ ತುದಿ ಕಡೆಗೆ ಓಡಬೇಡಿ. ಅಡ್ಡಕ್ಕೆ ಸರಿದು, ಹುಲ್ಲಿಲ್ಲದ ಬಂಡೆ ಅಥವಾ ಆಗಲೇ ಸುಟ್ಟು ಆರಿದ ಜಾಗ ಸೇರಿ. ಕಿರಿದಾದ ಕೊರಕಲು ಚಿಮಣಿ ಇದ್ದ ಹಾಗೆ, ಅದರೊಳಗೆ ಇಳಿಯಬೇಡಿ. ಕಾಡಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ದಾರಿ ಮುಚ್ಚಿದೆ ಅಂದರೆ ವಾಪಸ್ಸು ಬನ್ನಿ.

ಬಿಸಿಲಿನ ವಿಷಯದಲ್ಲಿ ಒಂದು ಮೋಸ ಇದೆ. ಸೇಲಂ ನಗರ ಸಮುದ್ರಮಟ್ಟದಿಂದ ಸುಮಾರು 280 ಮೀಟರ್, ಶೇವರಾಯನ್ ಗುಡಿಯ ಬೆಟ್ಟದ ತುದಿ ಸುಮಾರು 1,600 ಮೀಟರ್. ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ಇಳಿಕೆ ಅಂತ ಲೆಕ್ಕ ಹಾಕಿದರೆ ಮೇಲೆ 8 ಡಿಗ್ರಿಗೂ ಹೆಚ್ಚು ತಂಪು. ತಂಪಿದೆ ಅಂತ ನೀರು ಕುಡಿಯೋದು ಮರೆತುಹೋಗತ್ತೆ. ಬೆವರು ಗಾಳಿಗೆ ಆರಿಹೋಗೋದ್ರಿಂದ ಗೊತ್ತೂ ಆಗಲ್ಲ. ನೀರು ಮನೆಯಿಂದಲೇ ಹೊತ್ತುಕೊಂಡು ಹೋಗಿ. ಧರ್ಮಪುರಿ ಜಿಲ್ಲೆಯ ತೀರ್ಥಮಲೆಯಲ್ಲಿ ರಾಮತೀರ್ಥ ಬಂಡೆಯಿಂದ ಬೇಸಿಗೆಯಲ್ಲೂ ಸುರಿಯತ್ತೆ ಅಂತ ಜನ ಹೇಳ್ತಾರೆ. ಮಳೆನೀರು ಬಂಡೆಯ ಬಿರುಕುಗಳಲ್ಲಿ ಇಳಿದು ತಿಂಗಳುಗಟ್ಟಲೆ ತಡೆದು ಹೊರಬಂದರೆ ಹಾಗಾಗತ್ತೆ. ಆದರೆ ಎಲ್ಲ ಬೆಟ್ಟದಲ್ಲೂ ಅಂಥ ಬಿರುಕು ಇರಲ್ಲ. ಮಳೆಗಾಲದಲ್ಲಿ ನೋಡಿದ ಝರಿ ಮಾರ್ಚ್‌ನಲ್ಲಿ ಬರೀ ಕಲ್ಲಿನ ಸಾಲು.

ಏಪ್ರಿಲ್ ಹೊತ್ತಿಗೆ ಮಾವಿನ ಮಳೆ ಬರತ್ತೆ, ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಗುಡುಗು ಸಿಡಿಲಿನ ಜೊತೆ. ಬೆಳಿಗ್ಗೆ ಬೇಗ ಹತ್ತಿ ಮಧ್ಯಾಹ್ನದೊಳಗೆ ಇಳಿದುಬಿಡಿ. ಮಳೆ ಶುರುವಾದ ಹೊತ್ತಿನಲ್ಲಿ ಬಂಡೆ ಮೇಲಿನ ದೂಳು ಸಾರಿಸಿದ ಹಾಗೆ ನುಣುಪಾಗತ್ತೆ, ಆಗ ನಡೆಯಬೇಡಿ. ಮರುದಿನ ಹೋಗಿ ನೋಡಿ: ಅದೇ ದಾರಿ ಕಾಲನ್ನು ಹಿಡಿದು ನಿಲ್ಲಿಸತ್ತೆ. ಕಾಳುಗಳ ನಡುವೆ ನಿಂತ ಚೂರು ನೀರು ಮೇಲ್ಮೈ ಸೆಳೆತದಿಂದ ಅವನ್ನು ಒಂದಕ್ಕೊಂದು ಎಳೆದಿರತ್ತೆ. ಇದನ್ನೂ ಅಳೆಯಬಹುದು. ಒಣ ಮರಳನ್ನು ನೆಲಕ್ಕೆ ಸುರಿದು ಗುಡ್ಡೆ ಮಾಡಿ, ಅದರ ಎತ್ತರ ಮತ್ತು ಅಗಲ ಬರೆದಿಡಿ. ಅದೇ ಮರಳಿಗೆ ಒಂದೆರಡು ಚಮಚ ನೀರು ಕಲಸಿ ಇನ್ನೊಂದು ಗುಡ್ಡೆ ಮಾಡಿ. ಯಾವುದು ಕಡಿದಾಗಿ ನಿಲ್ತು? ಇನ್ನೂ ನೀರು ಹಾಕ್ತಾ ಹೋದರೆ ಎಷ್ಟು ಚಮಚಕ್ಕೆ ಗುಡ್ಡೆ ಕುಸೀತು?