ರಾಜೀನಾಮೆ ಬರೆದುಕೊಡಬೇಡಿ

ಪ್ರಶ್ನೆ: ನನಗೆ 38 ವರ್ಷ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷದಿಂದ ಸಿಎನ್‌ಸಿ ಆಪರೇಟರ್. ವಿಮಾನದ ರೆಕ್ಕೆಗೆ ಹೋಗುವ ಬ್ರಾಕೆಟ್ ಮಾಡುತ್ತೇವೆ. ಲಾಕ್‌ಡೌನ್ ಆದಮೇಲೆ ಆರ್ಡರ್ ಇಲ್ಲ. ಈಗ ಎಚ್‌ಆರ್‌ನವರು ‘ನೀವೇ ರಾಜೀನಾಮೆ ಬರೆದುಕೊಡಿ, ಕೆಲಸ ಬಂದಾಗ ಕರೆಯುತ್ತೇವೆ’ ಅನ್ನುತ್ತಿದ್ದಾರೆ. ವಾರಕ್ಕೆ ಮೂರು ದಿನವಷ್ಟೇ ಡ್ಯೂಟಿ. ಉಳಿದ ದಿನವೂ ಡಬ್ಬಿ ಹಿಡಿದು ಹೊರಟು ಎಲ್ಲೋ ಕೂತು ಬರುತ್ತೇನೆ. ಮನೆಯಲ್ಲಿ ಹೇಳಿಲ್ಲ. ನನ್ನಲ್ಲೇ ಏನೋ ಕೊರತೆ ಇತ್ತೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಇನ್ನೂ ಸಹಿ ಹಾಕಿಲ್ಲ ತಾನೆ? ಹಾಕಲೇಬೇಡಿ.

ಬರೆದುಕೊಟ್ಟರೆ ನೀವಾಗಿಯೇ ಬಿಟ್ಟಂತಾಗುತ್ತದೆ. ಅವರೇ ತೆಗೆದರೆ, ಕಾರ್ಮಿಕ ಕಾನೂನಿನಂತೆ ಒಂದು ತಿಂಗಳ ನೋಟಿಸು ಅಥವಾ ಅಷ್ಟು ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೂ 15 ದಿನದ ಸಂಬಳ ಪರಿಹಾರ ಕೊಡಬೇಕು. ನಿಮ್ಮ ಲೆಕ್ಕಕ್ಕೆ ಅದು ಸುಮಾರು ನಾಲ್ಕೂವರೆ ತಿಂಗಳ ಸಂಬಳ. ಗ್ರಾಚ್ಯುಟಿ ಬೇರೆ, ಐದು ವರ್ಷ ದಾಟಿದ ನಿಮಗೆ ಅದು ಹೇಗೂ ಸಲ್ಲಬೇಕು. ಇನ್ನು ‘ಕರೆಯುತ್ತೇವೆ’ ಎಂಬ ಭರವಸೆ. ಮತ್ತೆ ನೇಮಕ ಮಾಡುವಾಗ, ಹೀಗೆ ಕೆಲಸ ಹೋದವರಿಗೇ ಮೊದಲ ಅವಕಾಶ ಎಂದು ಅದೇ ಕಾನೂನು ಹೇಳುತ್ತದೆ. ರಾಜೀನಾಮೆ ಕೊಟ್ಟವರಿಗೆ ಆ ಹಕ್ಕಿಲ್ಲ. ಇಎಸ್‌ಐ ಕಾರ್ಡಿದ್ದರೆ, ಕೆಲಸ ಹೋದವರಿಗಾಗಿ ಇರುವ ಅದರ ಅಟಲ್ ಯೋಜನೆಯಲ್ಲಿ 90 ದಿನದವರೆಗೆ ಅರ್ಧ ಸಂಬಳ ಸಿಗುವ ಅವಕಾಶವನ್ನು 2020ರಲ್ಲಿ ಮಾಡಿದ್ದಾರೆ, ಈಗ ಇದೆಯೇ ವಿಚಾರಿಸಿ.

ಕೊರತೆ ನಿಮ್ಮದಲ್ಲ. ಬೋಯಿಂಗ್‌ನ 737 ಮ್ಯಾಕ್ಸ್ ಎರಡು ಅಪಘಾತಗಳ ಬಳಿಕ 2019ರ ಮಾರ್ಚ್‌ನಿಂದಲೇ ಹಾರಾಟ ನಿಲ್ಲಿಸಿತ್ತು. ಕೊರೊನಾ ಬಂದಮೇಲೆ ಏರ್‌ಬಸ್ ತಿಂಗಳಿಗೆ 60ರಷ್ಟು ಮಾಡುತ್ತಿದ್ದ ಎ320 ವಿಮಾನಗಳನ್ನು 40ಕ್ಕೆ ಇಳಿಸಿತು. 2020ರ ಜೂನ್‌ನಲ್ಲಿ 15,000 ಹುದ್ದೆ ಕಡಿತ ಘೋಷಿಸಿತು. ಅಲ್ಲಿ ವಿಮಾನ ಕಡಿಮೆಯಾದರೆ ಪೀಣ್ಯದಲ್ಲಿ ಮೆಷಿನ್ ನಿಲ್ಲುತ್ತದೆ. ನೀವು ಮೈಕ್ರಾನ್ ತಪ್ಪದೆ ದುಡಿದಿದ್ದರೂ ಇದೇ ಆಗುತ್ತಿತ್ತು. ಆ ಕೈಗೆ ವೈದ್ಯಕೀಯ ಉಪಕರಣ ಮಾಡುವ ಕಡೆಯೂ ಕೆಲಸವಿದೆ, ಅಲ್ಲೂ ಕೇಳಿನೋಡಿ.

ನನ್ನನ್ನು ಹೆಚ್ಚು ಕಾಡಿದ್ದು ಆ ಡಬ್ಬಿ. ಇಂದು ರಾತ್ರಿಯೇ ಹೆಂಡತಿಯ ಹತ್ತಿರ ಹೇಳಿಬಿಡಿ. ಅವರು ಅಳಬಹುದು, ಸಿಟ್ಟೂ ಬರಬಹುದು, ಬರಲಿ. ಕಂತು, ಬಾಡಿಗೆ, ಮಕ್ಕಳ ಫೀಸಿನ ಲೆಕ್ಕವನ್ನು ಒಬ್ಬರೇ ತಲೆಯಲ್ಲಿಟ್ಟುಕೊಂಡು ಎಷ್ಟು ದಿನ ತಿರುಗುತ್ತೀರಿ?

ನೇಮಕಾತಿ ಪತ್ರ, ಸಂಬಳದ ಚೀಟಿಗಳನ್ನು ಒಟ್ಟು ಮಾಡಿ. ಒತ್ತಾಯಿಸಿದರೆ ಬರವಣಿಗೆಯಲ್ಲಿ ಕೊಡಿ ಅನ್ನಿ. ಆಮೇಲೂ ಬಿಡದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ, ಸಾಧ್ಯವಾದರೆ ನಿಮ್ಮಂತೆಯೇ ಇರುವ ಸಹೋದ್ಯೋಗಿಗಳನ್ನೂ ಕರೆದುಕೊಂಡು. ಅಲ್ಲಿ ದೂರು ಕೊಡಲು ವಕೀಲರು ಬೇಕಿಲ್ಲ.